ಮೊದಲು ಕಿವಿಗೆ ಸರಿಯಾಗಿ ಕೂರಲಿ

ಮಗೂ, ಹೊಸ ಇಯರ್‌ಫೋನ್‌ನಲ್ಲಿ ಬೇಸ್ ಇಲ್ಲ, ಸದ್ದೆಲ್ಲ ತಗಡು ಬಡಿದ ಹಾಗಿದೆ ಎಂದು ಬೇಜಾರು ಮಾಡಿಕೊಂಡೆಯಂತೆ. ಅದನ್ನು ವಾಪಸ್ ಕಳಿಸುವ ಮೊದಲು, ಕಿವಿಯಲ್ಲಿ ಸರಿಯಾಗಿ ಕೂತಿದೆಯೇ ನೋಡು. ಕಿವಿಯೊಳಗೆ ತೂರಿಸುವ ಇಯರ್‌ಫೋನ್‌ಗೆ ಎಷ್ಟೇ ದುಡ್ಡು ಸುರಿದಿರು, ಸರಿಯಾಗಿ ಕೂರದಿದ್ದರೆ ಅದರ ಗುಣ ನಿನಗೆ ದಕ್ಕುವುದಿಲ್ಲ.

ಅದರೊಳಗೆ ಸದ್ದು ಹುಟ್ಟಿಸುವ ಡ್ರೈವರ್ ತೀರಾ ಪುಟ್ಟದು. ಅದು ಅಲುಗಿಸುವುದು ಇಯರ್‌ಫೋನ್‌ನ ತುದಿಗೂ ಕಿವಿತಮಟೆಗೂ ನಡುವೆ ಇರುವ ಚೂರು ಗಾಳಿಯನ್ನು. ಆ ಗಾಳಿ ಎಲ್ಲೂ ಸೋರದಿದ್ದರೆ ಮಾತ್ರ ಮಂದ್ರದ ಸದ್ದಿಗೆ ಬೇಕಾದ ಒತ್ತಡ ಹುಟ್ಟುತ್ತದೆ. ಸಣ್ಣ ಸಂದಿ ಉಳಿದರೂ ಮೊದಲು ಹೋಗುವುದು ಬೇಸ್. ತಾರದ ಸದ್ದು ಮಾತ್ರ ಉಳಿದು ಕಿವಿಗೆ ಚುಚ್ಚುತ್ತದೆ.

ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಸಿಲಿಕಾನ್ ಇಯರ್‌ಟಿಪ್‌ಗಳಿರುತ್ತವೆ. ಕಂಪನಿಯವರು ನಡುವಿನದನ್ನು ಹಾಕಿ ಕಳಿಸಿರುತ್ತಾರೆ, ನಾವು ಅದರಲ್ಲೇ ಕಾಲ ಕಳೆಯುತ್ತೇವೆ. ಮೂರನ್ನೂ ಹಾಕಿ ನೋಡು. ಎಡಗಿವಿ ಬಲಗಿವಿ ಒಂದೇ ಅಳತೆಯಲ್ಲಿ ಇರಬೇಕೆಂದೇನೂ ಇಲ್ಲ. ಒಂದಕ್ಕೆ ಚಿಕ್ಕದು, ಇನ್ನೊಂದಕ್ಕೆ ನಡುವಿನದು ಹಿಡಿಸಬಹುದು. ಮಾತಾಡುವಾಗ, ಏನಾದರೂ ಅಗಿಯುವಾಗ ಜಾರಿದರೆ ಟಿಪ್ ಚಿಕ್ಕದಾಯಿತು. ಸ್ವಲ್ಪ ಹೊತ್ತಿಗೇ ಒತ್ತಿ ನೋಯಿಸಿದರೆ ದೊಡ್ಡದಾಯಿತು. ಸಿಲಿಕಾನ್ ಯಾವುದೂ ಒಗ್ಗದಿದ್ದರೆ ಫೋಮ್ ಟಿಪ್ ಕೊಂಡುಕೊ. ಅದು ಕಿವಿಯ ಆಕಾರಕ್ಕೆ ತಾನೇ ಹಿಗ್ಗಿ ಕೂರುತ್ತದೆ, ಆದರೆ ಬೇಗ ಸವೆಯುತ್ತದೆ.

ಹಾಕಿಕೊಳ್ಳುವ ಕ್ರಮ ಇನ್ನೂ ಮುಖ್ಯ. ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ, ಅದೂ ನೇರವಾಗಿಲ್ಲ, ಬಳುಕಿದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆ. ಆಗ ನಾಳ ನೆಟ್ಟಗಾಗುತ್ತದೆ. ಬಲಗೈಯಿಂದ ಇಯರ್‌ಫೋನನ್ನು ತುಸು ತಿರುಗಿಸುತ್ತಾ ಒಳಗೆ ಕೂರಿಸಿ, ಹಾಲೆ ಬಿಡು. ಫೋಮ್ ಆದರೆ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಒಳಗಿಟ್ಟು, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಹಿಡಿದುಕೊ. ನೋವಾಗುವಷ್ಟು ಆಳಕ್ಕೆ ಎಂದೂ ತಳ್ಳಬೇಡ. ತೆಗೆಯುವಾಗಲೂ ತಿರುಗಿಸುತ್ತಾ ನಿಧಾನವಾಗಿ ತೆಗೆ. ಗಬಕ್ಕನೆ ಎಳೆದರೆ ಒಳಗಿನ ಗಾಳಿ ತಮಟೆಯನ್ನು ಜಗ್ಗುತ್ತದೆ. ವೈರ್ ಇರುವುದಾದರೆ, ಅದು ಬಟ್ಟೆಗೆ ಉಜ್ಜಿದ ಸದ್ದೆಲ್ಲ ಕಿವಿಗೆ ಬರುತ್ತದೆ. ಆಕಾರ ಒಪ್ಪುವುದಾದರೆ ವೈರನ್ನು ಕಿವಿಯ ಮೇಲಿಂದ ಬಳಸಿ ಹಿಂದಕ್ಕೆ ಇಳಿಬಿಡು, ಸದ್ದು ಬಹಳ ಕಡಿಮೆಯಾಗುತ್ತದೆ.

ಸರಿಯಾಗಿ ಕೂತಿತೇ ಎಂದು ತಿಳಿಯಲು ನಿನಗೆ ಚೆನ್ನಾಗಿ ಪರಿಚಯವಿರುವ ಒಂದು ಕಚೇರಿಯ ರೆಕಾರ್ಡಿಂಗ್ ಹಾಕಿಕೊ. ಮೃದಂಗದ ಬಲಗಡೆಯ ಚುರುಕು ಪೆಟ್ಟು, ಇಯರ್‌ಫೋನ್ ಸೋರುತ್ತಿದ್ದರೂ ಕೇಳುತ್ತದೆ. ರವೆ ಮೆತ್ತಿದ ಎಡಗಡೆಯ ಮಂದ್ರ ನಾದವಾದ ಗುಮ್ಕಿ ತುಂಬಿ ಬರುತ್ತಿದೆಯೇ ಎಂಬುದನ್ನು ಗಮನಿಸು. ಬೆರಳಿಂದ ಇಯರ್‌ಫೋನನ್ನು ಮೆಲ್ಲಗೆ ಒತ್ತು. ಒತ್ತಿದಾಗ ಮಾತ್ರ ಗುಮ್ಕಿ ಬಂದು, ಬಿಟ್ಟಾಗ ಮಾಯವಾದರೆ ಟಿಪ್ ಬದಲಾಯಿಸು. ಹಾಡುಗಾರರ ದನಿ ನಡುನೆತ್ತಿಯಲ್ಲಿ ಕೇಳುವುದು ಬಿಟ್ಟು ಒಂದು ಪಕ್ಕಕ್ಕೆ ವಾಲಿದರೆ ಇನ್ನೊಂದು ಕಿವಿಯದನ್ನು ಮತ್ತೆ ಕೂರಿಸು. ಇಷ್ಟು ಮಾಡದೆ ಫೋನಿನ ಈಕ್ವಲೈಸರ್‌ನಲ್ಲಿ ಬೇಸ್ ಏರಿಸಬೇಡ, ಸೋರುವುದು ಸೋರುತ್ತಲೇ ಇರುತ್ತದೆ. ಹೊರಗಿನ ಗದ್ದಲ ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಕೂಡ ಸಂದಿಯಿದ್ದರೆ ಸೋಲುತ್ತದೆ.

ನಾನು ಇಷ್ಟೊಂದು ಒತ್ತಿ ಹೇಳುವುದು ಬರೀ ಸಂಗೀತದ ಸುಖಕ್ಕಲ್ಲ, ನಿನ್ನ ಕಿವಿ ಉಳಿಯಲಿ ಎಂದು. ಇಯರ್‌ಫೋನ್ ಸರಿಯಾಗಿ ಕೂರದವರು ಬಸ್ಸಿನಲ್ಲಿ, ಮೆಟ್ರೋದಲ್ಲಿ ಸುತ್ತಲಿನ ಗದ್ದಲವನ್ನು ಗೆಲ್ಲಲು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ. ಬಿಗಿಯಾಗಿ ಮುಚ್ಚಿದ ಕಿವಿಗೆ ಕಡಿಮೆ ವಾಲ್ಯೂಮ್ ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್‌ಗೆ ವಾರವಿಡೀ ಸಿಗುವುದು 4 ಗಂಟೆ ಮಾತ್ರ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಮನೆಯ ನಿಶ್ಶಬ್ದದಲ್ಲಿ ಹಿತವಾಗುವ ವಾಲ್ಯೂಮ್ ಎಷ್ಟೆಂದು ನೋಡಿಟ್ಟುಕೊ, ಹೊರಗೂ ಅದರ ಆಸುಪಾಸಿನಲ್ಲೇ ಇರು. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಎರಡೂ ಕಿವಿಯಿಂದ ತೆಗೆದು ಜೇಬಿಗೆ ಹಾಕು.

ಟಿಪ್‌ಗಳನ್ನು ಕಳಚಿ ಆಗಾಗ ಒರೆಸು. ಸಿಲಿಕಾನ್ ಆದರೆ ಸೋಪು ನೀರಿನಲ್ಲಿ ತೊಳೆದು ಪೂರಾ ಒಣಗಿಸಿ ಹಾಕು. ಒಂದು ಕಡೆ ಸದ್ದು ಕುಗ್ಗಿದರೆ ಜಾಲರಿಯಲ್ಲಿ ಗುಗ್ಗೆ ಕಟ್ಟಿರಬಹುದು. ಒಣ ಬ್ರಷ್ಷಿನಿಂದ ಮೆಲ್ಲಗೆ ಉಜ್ಜು, ನೀರು ಸೋಕಿಸಬೇಡ. ಕಿವಿಯೊಳಗೆ ಮಾತ್ರ ಹತ್ತಿ ಸುತ್ತಿದ ಕಡ್ಡಿ ಹಾಕಬೇಡ, ಅದು ಗುಗ್ಗೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ನಿನ್ನದನ್ನು ಇನ್ನೊಬ್ಬರ ಕಿವಿಗೆ ಕೊಡಬೇಡ.

ಕಿವಿ ನೋಯುತ್ತಿದ್ದರೆ, ಸೋರುತ್ತಿದ್ದರೆ ಇಯರ್‌ಫೋನ್ ಮುಟ್ಟಲೇಬೇಡ. ಹಾಡು ನಿಲ್ಲಿಸಿದ ಮೇಲೂ ಗುಂಯ್ ಎನ್ನುತ್ತಿದ್ದರೆ ವಾಲ್ಯೂಮ್ ಅತಿಯಾಗಿತ್ತೆಂದು ತಿಳಿದು ಕಿವಿಗೆ ಬಿಡುವು ಕೊಡು. ಮರುದಿನವೂ ಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಹೋಗು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಕಿವಿಯ ಪರೀಕ್ಷೆ ಮಾಡುತ್ತಾರೆ. ಸಂಕೋಚಪಟ್ಟು ತಡಮಾಡಬೇಡ ಮಗೂ. ನೀನು ನನ್ನ ವಯಸ್ಸಿಗೆ ಬಂದಾಗಲೂ ತಂಬೂರಿಯ ಶ್ರುತಿ ನಿನಗೆ ಸ್ಪಷ್ಟವಾಗಿ ಕೇಳಬೇಕು, ನನ್ನ ಆಸೆ ಅದೇ.