ಪೈಲಟ್‌ಗೆ 65, ನಮ್ಮನೆಯವರಿಗೆ 60

ಪ್ರಶ್ನೆ: ನಾವು ಸಿದ್ದಾಪುರ ತಾಲ್ಲೂಕಿನವರು. ನಮ್ಮನೆಯವರು ಸಾರಿಗೆ ಸಂಸ್ಥೆಯಲ್ಲಿ ಬಸ್ ಡ್ರೈವರ್, 31 ವರ್ಷ ಸರ್ವಿಸ್ ಆಯಿತು. ಬರುವ ತಿಂಗಳ ಕೊನೆಗೆ 60 ತುಂಬಿ ನಿವೃತ್ತಿ. ಕುಮಟಾದಿಂದ ಶಿರಸಿ ಮೇಲೆ ಬೆಂಗಳೂರಿಗೆ ಸ್ಲೀಪರ್ ಬಸ್ ಬಿಡುವ ಮಾಲೀಕರೊಬ್ಬರು ಮನೆಗೇ ಬಂದು, "ಅಣ್ಣಾ, ಒಂದನೇ ತಾರೀಖಿನಿಂದಲೇ ಬಂದುಬಿಡಿ" ಎಂದು ಕರೆದು ಹೋಗಿದ್ದಾರೆ. ಇವರಿಗೂ ಹೋಗುವ ಮನಸ್ಸು. ಬೆಂಗಳೂರಿನಲ್ಲಿರುವ ಮಗ "ಸಾಕು ಅಪ್ಪಾ, ಮನೆಯಲ್ಲಿರು" ಅನ್ನುತ್ತಾನೆ. "ವಿಮಾನ ಹಾರಿಸೋರೇ 65ರವರೆಗೆ ಹಾರಿಸ್ತಾರೆ, ನನಗೇನಾಗಿದೆ?" ಎಂದು ಇವರ ವಾದ. ಪಿಂಚಣಿ ನಾಲ್ಕು ಸಾವಿರದ ಹತ್ತಿರ, ತೋಟ ಅಂತ ಇರುವುದು ಹತ್ತು ಗುಂಟೆ. ಬಿಪಿ ಮಾತ್ರೆ ಬಿಟ್ಟರೆ ಆಳು ಗಟ್ಟಿ. ರಾತ್ರಿ ಬೈಕಿನಲ್ಲಿ ಬರುವಾಗ ಎದುರು ಗಾಡಿ ಬಂದರೆ ಬದಿಗೆ ನಿಲ್ಲಿಸಿಕೊಳ್ಳುತ್ತಾರೆ, ಅಷ್ಟೇ. ನಾನು ಹೂಂ ಅನ್ನಲೋ, ಬೇಡ ಅನ್ನಲೋ?

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ದುಡ್ಡಿನ ಪ್ರಶ್ನೆ ಅನ್ನಿಸಿತು. ಎರಡನೇ ಸಲ ಆ ಬೈಕಿನ ಸಾಲಿನ ಹತ್ತಿರ ನಿಂತುಬಿಟ್ಟೆ. "ಅಷ್ಟೇ" ಎಂದು ಬರೆದು ನೀವು ಮುಂದೆ ಹೋಗಿದ್ದೀರಿ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ವಿಮಾನದ ಮಾತು ಮುಗಿಸೋಣ, ಯಜಮಾನರ ವಾದ ನಿಂತಿರುವುದೇ ಅದರ ಮೇಲೆ.

ಅವರು ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ 1960ರಿಂದ ವಿಮಾನ ಕಂಪನಿಯ ಪೈಲಟ್‌ಗಳನ್ನು 60ಕ್ಕೇ ಕೆಳಗಿಳಿಸುತ್ತಿದ್ದರು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2006ರಲ್ಲಿ ಆ ಗೆರೆಯನ್ನು 65ಕ್ಕೆ ಸರಿಸಿತು, ಮರುವರ್ಷ ಅಮೆರಿಕವೂ ಕಾನೂನು ತಿದ್ದಿಕೊಂಡಿತು. ನಮ್ಮ ದೇಶದಲ್ಲೂ ಈಗ 65. ಅಂತಾರಾಷ್ಟ್ರೀಯ ಗೆರೆಯನ್ನೇ 67 ಮಾಡಿ ಎಂದು 2025ರಲ್ಲಿ ವಿಮಾನ ಕಂಪನಿಗಳ ಒಕ್ಕೂಟ ಕೇಳಿದ್ದು ಮಾತ್ರ ಒಪ್ಪಿಗೆಯಾಗಲಿಲ್ಲ. ಇಂಥ ಗೆರೆಗಳು ಸರಿಯುತ್ತವೆ, ನಮ್ಮ ರಾಜ್ಯದ ಸರ್ಕಾರಿ ನೌಕರರಿಗೂ 2008ರಲ್ಲಿ 58 ಹೋಗಿ 60 ಬಂತಲ್ಲ, ಹಾಗೆ. 30ನೇ ತಾರೀಖು ಗಟ್ಟಿಯಿದ್ದ ಕೈ ಒಂದನೇ ತಾರೀಖಿಗೆ ನಡುಗುವುದಿಲ್ಲ ಎಂದು ಯಜಮಾನರು ಹೇಳಿದರೆ ನಾನೂ ಹೌದು ಅನ್ನುತ್ತೇನೆ.

ಆದರೆ ಅವರು ಆ ನಿಯಮದ ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ. 60 ದಾಟಿದ ಪೈಲಟ್ ಪ್ರಯಾಣಿಕರನ್ನು ಕೂರಿಸಿಕೊಂಡು ಒಬ್ಬನೇ ಹಾರಿಸುವಂತಿಲ್ಲ, ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಇರಲೇಬೇಕು. ಆರು ತಿಂಗಳಿಗೊಮ್ಮೆ ವೈದ್ಯರ ಮುಂದೆ ನಿಲ್ಲಬೇಕು. ವರ್ಷಕ್ಕೆ ಎರಡು ಸಲ ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಬೇಕೆಂದೇ ಎಂಜಿನ್ ಕೆಡಿಸಿ, ಏನು ಮಾಡುತ್ತಾನೆ ನೋಡುತ್ತಾರೆ. ಇಷ್ಟರ ಮೇಲೆ ವಿಶ್ರಾಂತಿಯ ಲೆಕ್ಕ ಬೇರೆ. ನಮ್ಮ ದೇಶದ ಹೊಸ ನಿಯಮದಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದರು.

2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್ ಅವರಿಗೆ ಆಗ ವಯಸ್ಸು 57. ಅನುಭವಕ್ಕೆ ಬೆಲೆ ಇಲ್ಲವೆಂದು ಯಾರು ಹೇಳಿದರು? ಆದರೆ ಆ ಹೊತ್ತು ಹಗಲಿತ್ತು, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇದ್ದರು. 65ರವರೆಗೆ ಹಾರಿಸಬಹುದಿದ್ದ ಸಲೆನ್‌ಬರ್ಗರ್ ಮರುವರ್ಷ, 59ಕ್ಕೇ ಕೆಲಸ ಬಿಟ್ಟರು.

ಈಗ ದೇವಿಮನೆ ಘಾಟಿಗೆ ಬನ್ನಿ. ರಾತ್ರಿ, ಮಳೆಗಾಲ, ತಿರುವಿನಲ್ಲಿ ಮಂಜು. ಹಿಂದೆ ಪರದೆ ಎಳೆದುಕೊಂಡು ಮೂವತ್ತು ಜನ ಮಲಗಿದ್ದಾರೆ. ಕ್ಲೀನರ್ ಹುಡುಗನೂ ಬಾಗಿಲ ಹತ್ತಿರ ತೂಕಡಿಸುತ್ತಿದ್ದಾನೆ. ಶಿರಸಿ ದಾಟಿದ ಮೇಲೆ ಇನ್ನೂ ನಾನೂರು ಕಿಲೋಮೀಟರ್ ಇದೆ. ಬೆಳಗಿನ ಜಾವ ಮೂರು-ನಾಲ್ಕು ಗಂಟೆ ಯಾವ ವಯಸ್ಸಿನವನಿಗೂ ದೇಹ ಮಲಗು ಮಲಗು ಅನ್ನುವ ಹೊತ್ತು. ಅಲ್ಲಿ ಯಜಮಾನರನ್ನು ನೋಡಿಕೊಳ್ಳುವವರು ಯಾರು? ಇಷ್ಟು ದಿನ ಡಿಪೋ ಇತ್ತು, ಡ್ಯೂಟಿ ಪಟ್ಟಿ ಇತ್ತು, ಜಗಳ ಮಾಡಲು ಯೂನಿಯನ್ ಇತ್ತು. ಇನ್ನು ಮುಂದೆ ಕಾನೂನು ಇರುತ್ತದೆ, ಕೇಳುವವರು ಇರುವುದಿಲ್ಲ. ಕಾನೂನು ದಿನಕ್ಕೆ ಎಂಟು ಗಂಟೆ ದುಡಿಮೆ ಎನ್ನುತ್ತದೆ, 2025ರವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಎನ್ನುತ್ತಿತ್ತು. ಹೆವಿ ಲೈಸೆನ್ಸ್‌ಗೆ ಮೇಲಿನ ವಯಸ್ಸಿನ ಮಿತಿಯೇ ಇಲ್ಲ, ಐದು ವರ್ಷಕ್ಕೊಮ್ಮೆ ವೈದ್ಯರ ಸಹಿ ತಂದರೆ ನವೀಕರಣವಾಗುತ್ತದೆ. ಸಾಕು ಎಂದು ಹೇಳಬೇಕಾದವರು ಇನ್ನು ಯಜಮಾನರೊಬ್ಬರೇ. ಆ ಕೆಲಸ ಬಸ್ ಓಡಿಸಿದಷ್ಟು ಸುಲಭವಲ್ಲ.

ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದ್ದನ್ನು ನಮ್ಮ ಕಡೆಯವರೆಲ್ಲ ನೋಡಿದ್ದೇವೆ. ಯಜಮಾನರು ನಾಳೆ ಆ ಮಾತನ್ನೂ ತೆಗೆದಾರು. ಆದರೆ ಚಿಟ್ಟಾಣಿಯವರ ಹೆಜ್ಜೆ ಒಂದು ತಪ್ಪಿದ್ದರೆ ಭಾಗವತರು ಸಂಭಾಳಿಸಿಕೊಳ್ಳುತ್ತಿದ್ದರು, ಎದುರು ಕೂತ ನಮಗೆ ಏನೂ ಆಗುತ್ತಿರಲಿಲ್ಲ. ರಂಗಸ್ಥಳಕ್ಕೂ ಸ್ಟಿಯರಿಂಗ್‌ಗೂ ಇರುವ ವ್ಯತ್ಯಾಸ ಅದೊಂದೇ.

ಇನ್ನು ಆ ಬೈಕು. 31 ವರ್ಷ ಬಸ್ ಓಡಿಸಿದವರು ಎದುರಿನ ಲೈಟಿಗೆ ಬದಿಗೆ ನಿಲ್ಲಿಸುತ್ತಾರೆ ಎಂದರೆ, ಅವರಿಗೆ ಗೊತ್ತಿದೆ ಅಕ್ಕಾ. ಬಾಯಲ್ಲಿ 65 ಅನ್ನುತ್ತಾರೆ, ಕೈ ಬ್ರೇಕ್ ಹಿಡಿಯುತ್ತದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ, ಪೊರೆ ಕಟ್ಟತೊಡಗಿದರೆ ಎದುರಿನ ಬೆಳಕು ಒಡೆದು ಚೆಲ್ಲಿದ ಹಾಗೆ ಕಾಣುತ್ತದೆ, ಒಮ್ಮೆ ಕಣ್ಣು ಕುಕ್ಕಿದರೆ ರಸ್ತೆ ಮತ್ತೆ ಕಾಣಲು ಹೆಚ್ಚು ಹೊತ್ತು ಬೇಕು. ಹಗಲಿನಲ್ಲಿ ಗೋಡೆಯ ಅಕ್ಷರ ಓದಿಸಿದರೆ ಅವರು ಪಾಸಾಗಿಬಿಡಬಹುದು, ಅದನ್ನು ನಂಬಬೇಡಿ. ಶಿರಸಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ರಾತ್ರಿಯ ಸಂಗತಿಯನ್ನು ನೀವೇ ಬಾಯಿಬಿಟ್ಟು ಹೇಳಿ. ಪೊರೆಯಾದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಹೋಗುತ್ತದೆ, ಹೆದರುವಂಥದ್ದಲ್ಲ.

ದುಡ್ಡಿನ ವಿಷಯದಲ್ಲಿ ಮಗನ ಪರ ನಾನು ಪೂರ್ತಿ ಇಲ್ಲ. "ಮನೆಯಲ್ಲಿರು" ಅನ್ನುವುದು ಬೆಂಗಳೂರಿನಿಂದ ಸುಲಭ. ಸಂಬಳ ಎಷ್ಟೇ ಇರಲಿ, ಪಿಎಫ್ ಪಿಂಚಣಿಗೆ ಲೆಕ್ಕ ಹಿಡಿಯುವುದು ಹೆಚ್ಚಿನವರಿಗೆ 15,000 ರೂಪಾಯಿಯ ಮಿತಿಯೊಳಗೆ, 2014ಕ್ಕಿಂತ ಹಿಂದಿನ ವರ್ಷಗಳಿಗೆ 6,500ರೊಳಗೆ. ಮೂವತ್ತು ವರ್ಷ ಘಾಟಿ ಹತ್ತಿಳಿಸಿದವನಿಗೆ ನಾಲ್ಕು ಸಾವಿರ ಬರುವುದು ಹೀಗೆ. ನನಗಿದು ಅನ್ಯಾಯ ಅನ್ನಿಸುತ್ತದೆ, ಆದರೆ ಅದನ್ನು ಸರಿಮಾಡಲು ನಿಮ್ಮ ಯಜಮಾನರ ನಿದ್ದೆ ಅಡ ಇಡಬೇಕಾಗಿಲ್ಲ. ಗ್ರಾಚ್ಯುಟಿ, ಪಿಎಫ್ ಬಂದಾಗ ಟೂರಿಸ್ಟ್ ಗಾಡಿ ತೆಗೆಯಿರಿ ಎಂದು ಹತ್ತು ಜನ ಬರುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸಿ. 60 ತುಂಬಿದವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಮಗನಿಗೂ ಹೇಳಿ: ಅಪ್ಪ ಮನೆಯಲ್ಲಿರಬೇಕಾದರೆ ತಿಂಗಳಿಗೆ ಅವನಿಂದ ಬರುವುದೆಷ್ಟು?

ದುಡ್ಡಿಗಿಂತ ಬೇರೆಯದೂ ಒಂದಿದೆ. ವಸ್ತಿ ಬಸ್ ಓಡಿಸಿದವರಾದರೆ ನಿಮಗೇ ಗೊತ್ತಿರುತ್ತದೆ. ಬೆಳಿಗ್ಗೆ ಐದೂವರೆಗೆ ಎಂಜಿನ್ ಶುರುವಾದರೆ ಊರು ಏಳುತ್ತದೆ. ಒಬ್ಬರು ಔಷಧಿ ಚೀಟಿ ಕೊಡುತ್ತಾರೆ, ಇನ್ನೊಬ್ಬರು ಪೇಟೆಯ ಮಗಳ ಮನೆಗೆ ಬಾಳೆಕಾಯಿ ಚೀಲ ಹಾಕುತ್ತಾರೆ, ಹೈಸ್ಕೂಲಿನ ಹುಡುಗಿ ಓಡಿ ಬರುವವರೆಗೆ ಬಸ್ ನಿಂತಿರುತ್ತದೆ. ಆ ಸೀಟಿನಿಂದ ಒಂದೇ ದಿನ ಇಳಿದು ಜಗಲಿಯ ಮೇಲೆ ಕೂರು ಅಂದರೆ ಯಾರಿಗೂ ಕಷ್ಟ. ಮಾಲೀಕರ ಬಾಯಲ್ಲಿ "ಅಣ್ಣಾ" ಕೇಳಿದಾಗ ಅವರಿಗೆ ಹಿತವಾದದ್ದು ಸಂಬಳವೊಂದರಿಂದಲೇ ಅಲ್ಲ.

ನಮ್ಮ ತೋಟಕ್ಕೆ ವರ್ಷಾನುಗಟ್ಟಲೆ ಬರುತ್ತಿದ್ದ ಕೊನೆಗೌಡನೊಬ್ಬನಿದ್ದ. ಒಂದು ಮರ ಹತ್ತಿದರೆ ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಹಾಯುತ್ತಾ ಸಾಲು ಮುಗಿಸುವವನು. ಒಂದು ವರ್ಷ ಕೊಯ್ಲಿಗೆ ಬಂದವನು ತಲೆಯೆತ್ತಿ ಮರ ನೋಡಿ, ಜೊತೆಗೆ ತಂದಿದ್ದ ಹುಡುಗನಿಗೆ "ನೀ ಹತ್ತು" ಎಂದು ತಾನು ಕೆಳಗೆ ಹಗ್ಗ ಹಿಡಿದು ನಿಂತ. ಕಾರಣ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೇಲಿಂದ ಜಾರಿ ಬರುವ ಕೊನೆ ನೆಲಕ್ಕೆ ಬಡಿದು ಅಡಿಕೆ ಉದುರದ ಹಾಗೆ ಹಿಡಿಯಲು ಅನುಭವವೇ ಬೇಕು. ಆ ವರ್ಷದ ಕೊಯ್ಲಿನಲ್ಲಿ ಹುಡುಗ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ.

ಯಜಮಾನರಿಗೂ ಅಂಥ ಹಗ್ಗ ಹಿಡಿಯುವ ಕೆಲಸ ಹುಡುಕಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಲಿ. ಕಣ್ಣಿನ ಡಾಕ್ಟರು ಒಪ್ಪಿದರೆ ಹಗಲಿನ ಮದುವೆ ಟ್ರಿಪ್ಪು ಹೊಡೆಯಲಿ, ಸೊಸೈಟಿಗೆ ಅಡಿಕೆ ಒಯ್ಯುವ ಗಾಡಿ ಓಡಿಸಲಿ. ಅದಕ್ಕೂ ನಿಲ್ಲಿಸುವ ತಾರೀಖನ್ನು ಈಗಲೇ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ರಾತ್ರಿ ಸ್ಲೀಪರ್ ಮಾತ್ರ ಬೇಡ. ಕಣ್ಣು ಸರಿಹೋದರೂ, ಎರಡನೇ ಡ್ರೈವರ್ ಇಲ್ಲದೆ ಬೇಡವೇ ಬೇಡ.

ಇದನ್ನು "ನಿಮಗೆ ವಯಸ್ಸಾಯಿತು" ಎಂದು ಹೇಳಬೇಡಿ. "ಹಿಂದಿನ ಸೀಟಿನಲ್ಲಿ ಕೂತು ನಾನು ನೋಡಿದ್ದೇನೆ" ಅನ್ನಿ, ಸಾಕು. ಮಾಲೀಕರಿಗೆ ಉತ್ತರ ಕೊಡುವುದು ಡಾಕ್ಟರ ಚೀಟಿ ಕೈಗೆ ಬಂದ ಮೇಲೆ. ಪರೀಕ್ಷೆಗೆಂದು ಕಣ್ಣಿಗೆ ಹನಿ ಹಾಕಿದರೆ ನಾಲ್ಕೈದು ಗಂಟೆ ಎಲ್ಲ ಮಂಜಾಗಿ ಕಾಣುತ್ತದೆ. ಅವತ್ತು ಬೈಕ್ ಬೇಡ, ಇಬ್ಬರೂ ಬಸ್ಸಿನಲ್ಲೇ ಹೋಗಿ ಬನ್ನಿ.