ಅಡಿಗೊಂದು ಇಂಚು

ಹೈದರಾಬಾದಿನ ದಿಲ್‌ಸುಖ್‌ನಗರದ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಇನ್ನೊಂದು ಮನೆ ಇದೆ. 4 ಅಡಿ ಉದ್ದ, 3 ಅಡಿ ಅಗಲ. ಅದರೊಳಗೆ ಯಾವಾಗಲೂ 1955ನೇ ಇಸವಿ, ದಸರೆಯ ಹಿಂದಿನ ವಾರ. ರಾಯಚೂರು ಜಿಲ್ಲೆಯ ಲಿಂಗಸೂರು ಸೀಮೆಯ ಮಣ್ಣಿನ ಮಾಳಿಗೆ ಮನೆ ಅದು: ಪಡಸಾಲೆ, ಅಡುಗೆಮನೆ, ದೇವರಮನೆ, ತಲಬಾಗಿಲು ದಾಟಿದ ಕೂಡಲೇ ದನದ ಕೊಟ್ಟಿಗೆ. ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಕಟ್ಟಿದ್ದು. ನಿವೃತ್ತಿಯಾದ ಮೇಲೆ ಹತ್ತಿದ ಹುಚ್ಚು. ದಸರೆಯಲ್ಲಿ ಗೊಂಬೆ ನೋಡಲು ಬಂದವರು ಇದರ ಮುಂದೆ ನಿಂತುಬಿಡುತ್ತಾರೆ. ಕೆಲವರು ತಾವೂ ಮಾಡಬೇಕೆಂದು, ಎಲ್ಲಿಂದ ಶುರು ಮಾಡುವುದೆಂದು ಕೇಳುತ್ತಾರೆ. ಈ ಕೆಲಸ ನನಗೆ ಕಲಿಸಿದ್ದನ್ನು ಅಂಥವರಿಗಾಗಿ ಬರೆದಿದ್ದೇನೆ.

ಮೊದಲು ಇಸವಿ, ಆಮೇಲೆ ಗೋಡೆ

'ಹಳೇ ಕಾಲದ ಮನೆ' ಎಂದುಕೊಂಡು ಶುರು ಮಾಡಿದರೆ ಕೈ ಓಡುವುದಿಲ್ಲ. ಯಾವ ಹಳೇ ಕಾಲ? ಕಂದೀಲು ಇತ್ತೇ, ಕರೆಂಟ್ ಬಂದಿತ್ತೇ? ಕೊಡ ಹಿತ್ತಾಳೆಯದೋ, ಸ್ಟೀಲಿನದೋ? ಒಂದು ಇಸವಿ ಗೊತ್ತು ಮಾಡಿಕೊಂಡರೆ ಇಂಥ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ನಾನು 1955 ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಬೀದರ, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. ಮರುವರ್ಷ ನವೆಂಬರ್ 1ಕ್ಕೆ ಆ ರಾಜ್ಯವೇ ಇಲ್ಲವಾಯಿತು. ನಮ್ಮೂರು ಮೈಸೂರು ರಾಜ್ಯಕ್ಕೆ, ಹೈದರಾಬಾದ್ ಶಹರ ಆಂಧ್ರಪ್ರದೇಶಕ್ಕೆ ಸೇರಿದವು. ನಮ್ಮೂರೂ ನಾನು ಈಗ ಇರುವ ಈ ಊರೂ ಒಂದೇ ರಾಜ್ಯದಲ್ಲಿ ಮಾಡಿದ ಕೊನೆಯ ದಸರೆಗಳಲ್ಲೊಂದು ಅದು.

ಇಸವಿ ನಿಂತ ಮೇಲೆ ಸಾಮಾನಿನ ಪಟ್ಟಿ ತಯಾರಾಯಿತು. ಪ್ಲಾಸ್ಟಿಕ್ ಬಕೆಟ್ ಇಲ್ಲ, ಸ್ಟೀಲ್ ಡಬ್ಬಿ ಇಲ್ಲ. ಕಲಾಯಿ ಹಾಕಿಸಿದ ಹಿತ್ತಾಳೆ, ತಾಮ್ರದ ಹಂಡೆ, ಮಣ್ಣಿನ ಗಡಿಗೆ ಇವೆ. ಡಾಲ್ಡಾ ಡಬ್ಬಿ ಇದೆ, ಯಾಕೆಂದರೆ 1937ರಿಂದಲೇ ಅದು ಮಾರುಕಟ್ಟೆಯಲ್ಲಿತ್ತು. ಡಾಲ್ಡಾ ಮುಗಿದ ಮೇಲೆ ಅದರಲ್ಲಿ ಶೇಂಗಾ ತುಂಬಿಡುತ್ತಿದ್ದರು. ಅಜ್ಜನ ಸಂದೂಕಿನಲ್ಲಿ ಉರ್ದುವಿನಲ್ಲಿ ಬರೆದ ಹೊಲದ ಕಾಗದಪತ್ರ. ಹಿಂದೆ ನಿಜಾಮರ ಸರ್ಕಾರದ ಆಡಳಿತ ಭಾಷೆ ಉರ್ದುವೇ ಆಗಿತ್ತು.

ಕಾಗದ, ಲೇಬಲ್ಲುಗಳಿಗೆ ದಿಲ್‌ಸುಖ್‌ನಗರದಂಥ ಜಾಗ ಇನ್ನೊಂದಿಲ್ಲ. ಕೋಚಿಂಗ್ ಸೆಂಟರುಗಳ ದಯೆಯಿಂದ ಇಲ್ಲಿ ಹೆಜ್ಜೆಗೊಂದು ಜೆರಾಕ್ಸ್ ಅಂಗಡಿ. ಸಾಮಾನ್ಯ ಜೆರಾಕ್ಸ್ ಯಂತ್ರ ಒಂದೇ ಸಲಕ್ಕೆ ಶೇ. 25ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಹಾಗಾಗಿ ಮೂಲವನ್ನು ಮೊದಲು ಶೇ. 25ಕ್ಕೆ ಇಳಿಸಬೇಕು, ಬಂದ ಪ್ರತಿಯನ್ನು ಮತ್ತೆ ಶೇ. 33ಕ್ಕೆ ಇಳಿಸಬೇಕು. ಹನ್ನೆರಡನೇ ಒಂದು ಪಾಲಿಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಅಂಗಡಿಯ ಹುಡುಗ ಇದು ಯಾವ ಪರೀಕ್ಷೆಯ ಚೀಟಿ ಎಂಬಂತೆ ನನ್ನನ್ನು ನೋಡುತ್ತಾನೆ.

ಅಡಿಗೆ ಇಂಚು ಯಾಕೆ

1:12 ಎನ್ನುವುದು ಗೊಂಬೆಮನೆಯವರ ಜಗತ್ತಿನಲ್ಲಿ ರೂಢಿಯಾದ ಅಳತೆ. ದೆಹಲಿಯಲ್ಲಿ ವೈಸರಾಯ್ ಭವನ, ಅಂದರೆ ಇಂದಿನ ರಾಷ್ಟ್ರಪತಿ ಭವನ, ಏಳುತ್ತಿದ್ದ ದಿನಗಳಲ್ಲೇ ಅದರ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ಇಂಗ್ಲೆಂಡಿನ ರಾಣಿ ಮೇರಿಗಾಗಿ ಈ ಅಳತೆಯಲ್ಲಿ ಒಂದು ಗೊಂಬೆಮನೆಯನ್ನೂ ರೂಪಿಸಿದರು. 1924ಕ್ಕೆ ಅದು ಮುಗಿಯಿತು. ಈಗಲೂ ವಿಂಡ್ಸರ್ ಕೋಟೆಯಲ್ಲಿದೆ. ನಲ್ಲಿಯಲ್ಲಿ ನೀರು, ಗೋಡೆಯಲ್ಲಿ ವಿದ್ಯುತ್ತು, ಓಡಾಡುವ ಲಿಫ್ಟು, ಕಾನನ್ ಡಾಯ್ಲ್, ಕಿಪ್ಲಿಂಗ್ ಮೊದಲಾದವರ ಬರಹಗಳಿರುವ ಬೆರಳುದ್ದದ ಪುಸ್ತಕಗಳು. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದ ಸಂಗತಿಯೆಂದರೆ, ಲುಟ್ಯೆನ್ಸ್ ಕಟ್ಟಿದ್ದು ಹಳೇ ಕಾಲದ ಮನೆಯನ್ನಲ್ಲ. ತನ್ನ ಕಾಲದ ಮನೆಯನ್ನು, ಇದ್ದದ್ದು ಇದ್ದ ಹಾಗೆ. ನೂರು ವರ್ಷ ಕಳೆದದ್ದರಿಂದ ಅದು ಚರಿತ್ರೆಯ ದಾಖಲೆಯಾಯಿತು.

ನಮಗೆ ಈ ಅಳತೆಯಲ್ಲಿ ಇನ್ನೊಂದು ಅನುಕೂಲವಿದೆ. ಊರಿನ ಹಿರಿಯರು ಅಡಿ, ಇಂಚಿನಲ್ಲಿ ಹೇಳುವುದಿಲ್ಲ. ಗೇಣು, ಮೊಳದಲ್ಲಿ ಹೇಳುತ್ತಾರೆ. ಮೊಳ ಅಂದರೆ ಒಂದೂವರೆ ಅಡಿ, ಇಲ್ಲಿ ಒಂದೂವರೆ ಇಂಚು. ಗೇಣು ಮುಕ್ಕಾಲು ಇಂಚು. ಲೆಕ್ಕ ಬಾಯಲ್ಲೇ ಆಗುತ್ತದೆ.

ನೆನಪಿಗೆ ಅಳತೆಪಟ್ಟಿ ಇರುವುದಿಲ್ಲ

ಅಳತೆ ಕೇಳುವುದೇ ಈ ಹವ್ಯಾಸದ ನಿಜವಾದ ಕೆಲಸ. ಅಂಟು ಹಚ್ಚುವುದು ಆಮೇಲಿನ ಮಾತು. ಊರಲ್ಲಿರುವ ನಮ್ಮ ದೊಡ್ಡವ್ವನಿಗೆ ಫೋನ್ ಮಾಡಿ ಹೊಸ್ತಿಲು ಎಷ್ಟು ಎತ್ತರ ಇತ್ತು ಎಂದು ಕೇಳಿದರೆ, "ಹೊಸ್ತಿಲಾ ಯಾರರ ಅಳದು ದಾಟತಾರೇನೋ ತಮ್ಮಾ?" ಎಂದಳು. ಎಲ್ಲಿಗೆ ಬರ್ತಿತ್ತು ಎಂದು ತಿರುಗಿಸಿ ಕೇಳಿದೆ. "ನನ್ನ ಮಣಕಾಲಿಗೆ" ಅಂದಳು. ಆದರೆ ಅವಳು ಮದುವೆಯಾಗಿ ಆ ಮನೆ ಬಿಟ್ಟಾಗ ಇನ್ನೂ ಸಣ್ಣವಳು. ನೆನಪಿನಲ್ಲಿರುವುದು ಹುಡುಗಿಯ ಮೊಣಕಾಲು. ಈ ಲೆಕ್ಕ ಹಿಡಿಯದೆ ಹೋದರೆ ಗೊಂಬೆಮನೆಯ ಹೊಸ್ತಿಲು ಗೋಡೆಯಾದೀತು. ನೆನಪಿನ ಮನೆಗಳೆಲ್ಲ ದೊಡ್ಡದಾಗಿರುವುದು ಇದೇ ಕಾರಣಕ್ಕೆ.

ಹಾಗಾಗಿ ಹಿರಿಯರನ್ನು ಕೇಳುವಾಗ ಎರಡು ಪ್ರಶ್ನೆ ಒಟ್ಟಿಗೆ ಕೇಳಬೇಕು: ನಿಮ್ಮ ಮೈಗೆ ಎಲ್ಲಿಗೆ ಬರ್ತಿತ್ತು, ಆಗ ನಿಮಗೆಷ್ಟು ವಯಸ್ಸು. ಆಮೇಲೆ ಇನ್ನೂ ನಿಂತಿರುವ ಅಂಥದೇ ಮನೆಯೊಂದಕ್ಕೆ ಟೇಪು ಹಿಡಿದು ಹೋಗಿ ತಾಳೆ ನೋಡಬೇಕು. ಊರಲ್ಲಿ ಉಳಿದಿಲ್ಲವಾದರೆ ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯಿದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಳೆಯ ಮನೆಗಳಿವೆ. ಸೀಮೆ ಬೇರೆಯಾದರೂ ಕಂಬ ತೊಲೆಯನ್ನು ಹೇಗೆ ಹೊರುತ್ತದೆ, ಬೋದಿಗೆ ಎಷ್ಟು ಚಾಚುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು.

ನಮ್ಮ ಮನೆ ಮುಂದಿನಿಂದ ತೆರೆಯುವುದಿಲ್ಲ

ಪಾಶ್ಚಾತ್ಯ ಗೊಂಬೆಮನೆಗಳಲ್ಲಿ ಮುಂಗೋಡೆಯೇ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಬೀದಿಗೆ ಸಾಲು ಕಿಟಕಿ ಇರುವ, ಗೋಡೆ ತೆಳುವಾಗಿರುವ ಮನೆಗೆ ಅದು ಒಪ್ಪುತ್ತದೆ. ನಮ್ಮ ಕಡೆಯ ಮಾಳಿಗೆ ಮನೆಗೆ ಬೀದಿಯ ಕಡೆ ಕಿಟಕಿಯೇ ಅಪರೂಪ. ಬೆಳಕು ಬರುವುದು ಮೇಲಿನ ಬೆಳಕಿಂಡಿಯಿಂದ. ಆದ್ದರಿಂದ ನನ್ನ ಮನೆಯಲ್ಲಿ ಮಾಳಿಗೆಯೇ ಮುಚ್ಚಳ. ಎರಡು ಕೈಯಲ್ಲಿ ಎತ್ತಿದರೆ ಇಡೀ ಮನೆ ಮೇಲಿನಿಂದ ಕಾಣುತ್ತದೆ. ಮುಚ್ಚಿದರೆ ಬೆಳಕಿಂಡಿಯ ಒಂದು ಕೋಲು ಬೆಳಕು ಮಾತ್ರ ಪಡಸಾಲೆಗೆ ಬೀಳುತ್ತದೆ.

ಗೋಡೆಯ ದಪ್ಪವೂ ಅಷ್ಟೇ ಮುಖ್ಯ. ಕಲ್ಲು ಮಣ್ಣಿನ ಗೋಡೆ 2ರಿಂದ 3 ಅಡಿ ದಪ್ಪ ಇರುತ್ತಿತ್ತು, ಇಲ್ಲಿ 2ರಿಂದ 3 ಇಂಚು. ಗಟ್ಟಿ ಹಲಗೆ ಹಾಕಿದರೆ ಭಾರ ಹೊರಲಾಗುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಶಾಲಾ ಮಕ್ಕಳ ಪ್ರಾಜೆಕ್ಟಿಗೆಂದು ಮಾರುವ ಸನ್‌ಬೋರ್ಡನ್ನು ಎರಡು ಪದರ ನಿಲ್ಲಿಸಿ ನಡುವೆ ಟೊಳ್ಳು ಬಿಡುವುದು ಸುಲಭ. ದೀಪದ ಗೂಡು ಕೊರೆಯುವುದಕ್ಕೂ ವೈರು ಹಾಯಿಸುವುದಕ್ಕೂ ಆ ಟೊಳ್ಳೇ ಉಪಯೋಗ.

ಮೇಲಿನ ಲೇಪಕ್ಕೆ ಊರಿನ ಎರೆಮಣ್ಣೇ ಬೇಕೆಂದು ಆಸೆಯಾಗುತ್ತದೆ. ಆದರೆ ಎರೆಮಣ್ಣು ಒಣಗಿದಾಗ ಕುಗ್ಗಿ ಬಾಯಿ ಬಿಡುವ ಜಾತಿ. ಹೊಲದಲ್ಲಿ ಕೈ ತೂರುವಂಥ ಬಿರುಕು ಬೀಳುವುದು ಇದಕ್ಕೇ. ದೊಡ್ಡ ಮನೆಯಲ್ಲಿ ಹೊಟ್ಟು, ಸೆಗಣಿ ಕಲಸಿ ಅದನ್ನು ಹಿಡಿದು ನಿಲ್ಲಿಸುತ್ತಿದ್ದರು. ಇಲ್ಲಿ ಹೊಟ್ಟೂ ಸಣ್ಣದಾಗಬೇಕು. ಕೊಪ್ಪಳದ ಕಿನ್ನಾಳ ಗೊಂಬೆಗಳಲ್ಲಿ, ಆಂಧ್ರದ ಕೊಂಡಪಲ್ಲಿ ಗೊಂಬೆಗಳಲ್ಲಿ ಮರದ ಪುಡಿಗೆ ಹುಣಸೆ ಬೀಜದ ಅಂಟು ಸೇರಿಸಿ ಮೆತ್ತುವ ಪದ್ಧತಿಯಿದೆ. ಅದೇ ದಾರಿ ಹಿಡಿದು, ಬಟ್ಟೆಯಲ್ಲಿ ಜಾಲಿಸಿದ ಕೆಂಪು ಮಣ್ಣಿಗೆ ಮರದ ಪುಡಿ, ಫೆವಿಕಾಲ್ ಬೆರೆಸಿ, ತೆಳುವಾಗಿ ಪದರ ಪದರವಾಗಿ ಬಳಿದೆ. ಹುಣಸೆ ಬೀಜದ ಅಂಟನ್ನೇ ಬಳಸುವವರು ಚಿಟಿಕೆ ಮೈಲುತುತ್ತ ಹಾಕಬೇಕು. ಪುಸ್ತಕ ಕಟ್ಟುವವರು ಹುಳುವಿಗೆ ಹೆದರಿ ಸರಿಯಲ್ಲಿ ಹಾಕುವುದು ಅದನ್ನೇ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು. ನೆಲಕ್ಕೆ ಶಹಾಬಾದ್ ಪರಸಿ. ಕಲ್ಲು ಕೊಯ್ಯುವ ಅಂಗಡಿಯಲ್ಲಿ ಬಿದ್ದಿರುವ ಪುಡಿಯನ್ನೇ ಅಂಟಿನಲ್ಲಿ ಕಲಸಿ ರಟ್ಟಿನ ತುಂಡುಗಳಿಗೆ ಹಚ್ಚಿದರೆ ಬಣ್ಣ ಹುಡುಕುವ ಕೆಲಸವಿಲ್ಲ.

ಕುಗ್ಗಲು ಒಪ್ಪದ ವಸ್ತುಗಳು

ಉದ್ದ 12 ಪಟ್ಟು ಕುಗ್ಗಿದರೆ ಗಾತ್ರ 1,728 ಪಟ್ಟು ಕುಗ್ಗುತ್ತದೆ. 15 ಲೀಟರಿನ ಕೊಡ ಇಲ್ಲಿ 9 ಮಿಲಿಲೀಟರೂ ಹಿಡಿಯುವುದಿಲ್ಲ. ಆದರೆ ಅದರೊಳಗಿನ ನೀರು ನೀರೇ. ಅದಕ್ಕೆ ತಾನು ಸಣ್ಣದಾಗಬೇಕೆಂದು ಗೊತ್ತಿಲ್ಲ. ಹರಿಯುವ ಬದಲು ಗುಂಡಗೆ ಹನಿಯಾಗಿ ಕೂರುತ್ತದೆ. ಅದಕ್ಕೇ ಹಂಡೆಯಲ್ಲಿರುವುದು ನೀರಲ್ಲ, ಪಾರದರ್ಶಕ ರೆಸಿನ್.

ಜೋಳದ ರಾಶಿಗೆ ಜೋಳ ಹಾಕುವ ಹಾಗಿಲ್ಲ. 4 ಮಿಲಿಮೀಟರಿನ ಕಾಳು ಈ ಮನೆಯಲ್ಲಿ ನಿಂಬೆಹಣ್ಣಾಗುತ್ತದೆ. ಗಸಗಸೆಯೂ ದಪ್ಪವೇ. ಚಿರೋಟಿ ರವೆ ಸರಿಹೋಗುತ್ತದೆ, ಆದರೆ ಹುಳು ಬೀಳದಂತೆ ಅದನ್ನು ಅಂಟಿನಲ್ಲಿ ಹೂತಿಡಬೇಕು. ಬಟ್ಟೆಯ ಹಟ ಇನ್ನೂ ದೊಡ್ಡದು. ಹೊಸ ಬಟ್ಟೆ ಎಷ್ಟೇ ಚಿಕ್ಕದಾಗಿ ಕತ್ತರಿಸಿದರೂ ಸೆಟೆದು ನಿಲ್ಲುತ್ತದೆ. ವರ್ಷಗಟ್ಟಲೆ ಒಗೆದು ಸವೆದ ಧೋತರದ ತುಂಡನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ, ಬೇಕಾದ ಮಡಿಕೆಗೆ ಕೂರಿಸಿ ಒಣಗಿಸಿದರೆ ಮಾತ್ರ ಅದು ಕೌದಿ ಅನ್ನಿಸಿಕೊಳ್ಳುತ್ತದೆ. ಮರದಲ್ಲಿ ತೇಗ ಬೇಡ, ಅದರ ಗೆರೆಗಳು ದೊಡ್ಡವು. ಚನ್ನಪಟ್ಟಣದವರು ಬಳಸುವ ಹಾಲೆ ಮರದಂಥ ಸಣ್ಣ ಎಳೆಯ ಬಿಳಿ ಮರ ಒಳ್ಳೆಯದು. ಜಂತಿಗೆ ಒಣಗಿದ ಬೇವಿನ ಕಡ್ಡಿ ಸಾಕು. ತೊಗಟೆ ಸುಲಿದರೆ ಅದೇ ಪುಟ್ಟ ದಿಮ್ಮಿ.

ಬೇಗಂ ಬಜಾರಿನಲ್ಲಿ ಪೂಜೆಗೆಂದು, ಆಟಕ್ಕೆಂದು ಮಾರುವ ಪುಟ್ಟ ಹಿತ್ತಾಳೆ ಪಾತ್ರೆಗಳ ರಾಶಿಯೇ ಇದೆ. ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇಲ್ಲದೆ ಅಲ್ಲಿಗೆ ಹೋಗಬಾರದು. ಒಂದು ಇಂಚು ಅಗಲದ ಚೆಂದದ ತಂಬಿಗೆ ನಮ್ಮ ಮನೆಯಲ್ಲಿ ಒಂದಡಿ ಅಗಲದ ತಂಬಿಗೆ. ಅದರಲ್ಲಿ ನೀರು ಕುಡಿಯುವವನು ಭೀಮನೇ ಇರಬೇಕು. ದೀಪಕ್ಕೆ ಕೋಟಿಯ ಗುಜರಾತಿ ಗಲ್ಲಿಯಲ್ಲಿ ಸಿಗುವ 3 ಮಿಲಿಮೀಟರ್ ಎಲ್‌ಇಡಿ ಆಗುತ್ತದೆ. ಅದರ ಬೆಳಕು ಎಣ್ಣೆ ದೀಪಕ್ಕಿಂತ ಬೆಳ್ಳಗಿರುವುದರಿಂದ ಮೇಲೆ ಕಿತ್ತಳೆ ಗ್ಲಾಸ್ ಪೇಂಟ್ ಹಚ್ಚಬೇಕು. ಗೂಡಿನ ಮೇಲ್ಭಾಗಕ್ಕೆ ಕಾಡಿಗೆಯ ಮಸಿ ಸವರಿದ ಮೇಲೆ ದೀಪ ನಂಬಿಕೆಗೆ ಬರುತ್ತದೆ.

ಗೊಂಬೆಯಿಲ್ಲದ ಗೊಂಬೆಮನೆ

ನನ್ನ ಹೆಂಡತಿ ಮೈಸೂರಿನವಳು. ದಸರೆಯಲ್ಲಿ ಪಟ್ಟದ ಗೊಂಬೆ ಕೂರಿಸುವುದು ಅವಳ ತವರಿನ ಪದ್ಧತಿ. ಅವಳ ಮೆಟ್ಟಿಲುಗಳ ಮೇಲೆ ಚನ್ನಪಟ್ಟಣ, ಕೊಂಡಪಲ್ಲಿ, ನಿರ್ಮಲ್ ಎಲ್ಲ ಊರಿನವರೂ ಒಟ್ಟಿಗೆ ಕೂರುತ್ತಾರೆ. ಅಲ್ಲಿ ತರಕಾರಿಯವಳು ದೇವಸ್ಥಾನಕ್ಕಿಂತ ಎತ್ತರವಿದ್ದರೂ ಯಾರೂ ಕೇಳುವುದಿಲ್ಲ. ಆ ಲೋಕದಲ್ಲಿ ಸ್ಥಾನ ಮುಖ್ಯ, ಅಳತೆಯಲ್ಲ. ನನ್ನ ಮನೆಯಲ್ಲಿ ಅಳತೆಯೇ ಕಾನೂನು. ಎರಡನ್ನೂ ಬೆರೆಸಬಾರದೆಂದು ಒಪ್ಪಂದ ಮಾಡಿಕೊಂಡಿದ್ದೇವೆ.

ಹಾಗಾಗಿ ಮನೆಯಲ್ಲಿ ಜನರಿಲ್ಲ. 1940ರ ದಶಕದಲ್ಲಿ ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬಾಕೆ ಇದೇ 1:12 ಅಳತೆಯಲ್ಲಿ ಅಪರಾಧ ನಡೆದ ಕೋಣೆಗಳನ್ನು ಕಟ್ಟಿ, ಪೊಲೀಸರಿಗೆ ಸಾಕ್ಷ್ಯ ಹುಡುಕುವ ತರಬೇತಿ ಕೊಡಿಸಿದರು. ವಸ್ತು ಬಿದ್ದಿರುವ ರೀತಿಯೇ ನಡೆದದ್ದನ್ನು ಹೇಳುತ್ತದೆ ಎಂಬುದು ಅವರ ಪಾಠ. ಅದನ್ನು ನಾನು ಸಂಸಾರಕ್ಕೆ ಬಳಸಿಕೊಂಡೆ. ಬೀಸುವ ಕಲ್ಲಿನ ಸುತ್ತ ಚೆಲ್ಲಿದ ಹಿಟ್ಟು, ಕಟ್ಟೆಯ ಮೇಲೆ ಎಲೆಯಡಿಕೆ ಚೀಲ, ನಾಗೊಂದಿಗೆಯ ಮೇಲೆ ಮಕ್ಕಳಿಗೆ ಎಟುಕದಂತೆ ಇಟ್ಟ ಬೆಲ್ಲದ ಡಬ್ಬಿ. ಗೊಂಬೆಯನ್ನು ನಿಲ್ಲಿಸಿದರೆ ನೋಡುವವರು ಗೊಂಬೆಯನ್ನು ನೋಡುತ್ತಾರೆ. ನಿಲ್ಲಿಸದಿದ್ದರೆ ಮನೆಯನ್ನು ಓದುತ್ತಾರೆ.

ಪಕ್ಕದ ಮನೆಯ ಮಹಬೂಬ್‌ನಗರದ ಹಿರಿಯರೊಬ್ಬರು ಹಾಗೆ ಓದಿ, ಇದು ನಿಮ್ಮದಲ್ಲ, ನಮ್ಮ ಮಿದ್ದೆ ಮನೆ ಎಂದು ವಾದಕ್ಕೆ ನಿಂತರು. ಅವರು ಹೇಳಿದ್ದೂ ಸರಿಯೇ. ಕೃಷ್ಣೆಯ ಆಚೆ ಈಚೆ ಒಂದೇ ಬಿಸಿಲು, ಒಂದೇ ಮಣ್ಣು. ರಾಜ್ಯದ ಗೆರೆ ಮಾಳಿಗೆಗಳನ್ನು ಕೇಳಿ ಎಳೆದದ್ದಲ್ಲ.

ಶುರು ಮಾಡುವವರಿಗೆ

ಇಡೀ ಮನೆಗೆ ಕೈ ಹಾಕಬೇಡಿ, ಒಂದು ಅಂಕಣ ಸಾಕು. ಧೂಳಿಗೆ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ. ಅಂಗಡಿಗಳ ನಾಮಫಲಕ ಮಾಡುವವರು ಮಾಡಿಕೊಡುತ್ತಾರೆ. ಎಲ್ಲಕ್ಕಿಂತ ಮೊದಲು ಫೋನ್ ಕರೆಗಳನ್ನು ಮುಗಿಸಿ. ಹಲಗೆ, ಅಂಟು, ಬಣ್ಣ ಮುಂದಿನ ವರ್ಷವೂ ಸಿಗುತ್ತವೆ. ಹೊಸ್ತಿಲು ಎಲ್ಲಿಗೆ ಬರುತ್ತಿತ್ತೆಂದು ಹೇಳುವವರು ಸಿಗುವ ಭರವಸೆಯಿಲ್ಲ.

ಹೋದ ದಸರೆಗೆ ಸಿಂಧನೂರಿನ ಹುಡುಗಿಯೊಬ್ಬಳು ಬಂದಿದ್ದಳು. ನಮ್ಮ ಬೀದಿಯ ಹಾಸ್ಟೆಲಿನಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಬಹಳ ಹೊತ್ತು ನೋಡಿ, "ಅಂಕಲ್, ನಮ್ಮ ಹಾಸ್ಟೆಲ್ ರೂಮು ಹಿಂಗ ಮಾಡಾಕ ಬರ್ತದೇನ್ರೀ?" ಎಂದಳು. ಒಂದೇ ಕೋಣೆಗೆ ಮೂರು ಮಂಚ, ಹಗ್ಗದ ಮೇಲೆ ಒಣಗುವ ಬಟ್ಟೆ, ಒಂದೇ ಸಾಕೆಟ್ಟಿಗೆ ಜೋತುಬಿದ್ದ ಚಾರ್ಜರುಗಳು, ಗೋಡೆಗೆ ಅಂಟಿಸಿದ ಟೈಮ್‌ಟೇಬಲ್. ಲುಟ್ಯೆನ್ಸ್ ಮಾಡಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು. ಇನ್ನು 50 ವರ್ಷಕ್ಕೆ ಅದೂ ಹಳೇ ಕಾಲದ ಕೋಣೆಯೇ. ಅದನ್ನು ಅಳೆಯಲು ಯಾರ ಮೊಣಕಾಲನ್ನೂ ನಂಬಬೇಕಾಗಿಲ್ಲ. ನನ್ನ ಹತ್ತಿರ ಇದ್ದ ಇನ್ನೊಂದು ಟೇಪನ್ನು ಅವಳಿಗೆ ಕೊಟ್ಟು, ಪರೀಕ್ಷೆ ಮುಗಿದು ರೂಮು ಖಾಲಿ ಮಾಡುವ ಮೊದಲೇ ಎಲ್ಲ ಅಳೆದಿಟ್ಟುಕೋ ತಂಗಿ ಎಂದೆ.