ಹಿತ್ತಲಲ್ಲಿ ನಿಂತ ಮಾರುತಿ

ಅಪ್ಪ ತೀರಿಕೊಂಡದ್ದು 2020ರಲ್ಲಿ. ತಿಂಗಳು ಕಳೆಯುವುದರೊಳಗೆ ಹಗರಿಬೊಮ್ಮನಹಳ್ಳಿಯವರೊಬ್ಬರು ಬಂದು ಅಪ್ಪನ ಮಾರುತಿ 800ಕ್ಕೆ 80,000 ಕೊಡುತ್ತೇನೆಂದರು. "ಮೈಲಾರ ಜಾತ್ರಿಗೆ ನಿಮ್ಮಪ್ಪಾರು ಇದರಾಗ ಹೊಕ್ಕಿದ್ರು" ಎಂದು ಅವ್ವ ಕಣ್ಣೊರೆಸಿಕೊಂಡಳು. ಮಾತು ಅಲ್ಲಿಗೇ ಮುಗಿಯಿತು. ಕೊಟ್ಟೂರಿನ ಮನೆಯ ಹಿತ್ತಲಲ್ಲಿ, ಹುಣಸೆಮರದಡಿ ಕಾರು ಐದು ವರ್ಷ ನಿಂತಿತು.

2025ರ ಮಾರ್ಚ್‌ನಲ್ಲಿ, ತೇರು ಮುಗಿದ ಮೇಲೆ, ಅದನ್ನು ಓಡಿಸುವ ಹುಚ್ಚು ನನಗೆ ಹತ್ತಿತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಸರ, ಇಂಜಿನ್ ಛಲೋ ಐತಿ. ಉಳಿದದ್ದೆಲ್ಲಾ ಹೋಗೇತಿ" ಅಂದ.

ಲೆಕ್ಕ ಕೇಳಿ. ಬ್ಯಾಟರಿ 3,800. ನಾಲ್ಕು ಟೈರು 10,800. ಹಳೆಯವು ಸವೆದಿರಲಿಲ್ಲ, ರಬ್ಬರ್ ಬಿರುಕು ಬಿಟ್ಟಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಅಂಟಾಗಿ ತಳದಲ್ಲಿ ತುಕ್ಕು ಕೂತಿತ್ತು. ಪಂಪ್, ಫಿಲ್ಟರ್, ಪೈಪು ಸೇರಿ 6,500. ಬ್ರೇಕ್ 4,900, ಕ್ಲಚ್ 5,600. ಇಲಿ ಕಡಿದ ವೈರಿಂಗ್‌ಗೆ 3,500. ಕೂಲಿ 7,000. ಇಲ್ಲಿಗೆ 42,100.

ಆರ್‌ಸಿ 2023ರ ಆಗಸ್ಟ್‌ಗೇ ಮುಗಿದಿತ್ತು. ಗಾಡಿ ಓಡಲಿ ಬಿಡಲಿ, ತಡವಾದ ತಿಂಗಳಿಗೆ 500ರಂತೆ 19 ತಿಂಗಳಿಗೆ 9,500 ದಂಡ. ನವೀಕರಣಕ್ಕೆ 5,000. ಕಾಗದವಿಲ್ಲದ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲವಲ್ಲ, ಲಾರಿಯ ಮೇಲೆ ಹೇರಿ ಹೊಸಪೇಟೆ ಆರ್‌ಟಿಒಗೆ ಒಯ್ದು ತಂದೆವು, 4,500. ಥರ್ಡ್ ಪಾರ್ಟಿ ವಿಮೆ ಜಿಎಸ್‌ಟಿ ಸೇರಿ 2,471. ಎಲ್ಲಾ ಕೂಡಿ 63,571. ಅಂದು ಬಿಟ್ಟ 80,000 ಸೇರಿಸಿದರೆ 1,43,571. ಇಂದು ಮಾರಿದರೆ ಬರುವುದು 45,000. ಹುಣಸೆಮರದ ನೆರಳಿಗೆ ನಾನು ಕೊಟ್ಟ ಬಾಡಿಗೆ 98,571 ರೂಪಾಯಿ. ಬ್ಯಾಂಕಿನ ಬಡ್ಡಿಯನ್ನು ಹಿಡಿದಿಲ್ಲ, ಹೊಟ್ಟೆ ಉರಿಯುತ್ತದೆ.

ಈ ನಡುವೆ ಏಜೆಂಟ್ ಒಬ್ಬ "ಫುಲ್ ಇನ್ಶೂರೆನ್ಸ್" ಮಾಡಿಸಿ ಎಂದು ಬೆನ್ನು ಬಿದ್ದ. ಐಡಿವಿ, ಅಂದರೆ ವಿಮೆಗೆ ಹಿಡಿಯುವ ಗಾಡಿಯ ಬೆಲೆ, 35,000. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಎನ್‌ಸಿಬಿ, ಎಂದೋ ಸತ್ತಿದೆ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೂ ಅರ್ಧ ಸವಕಳಿ ಕಳೆದೇ ಕ್ಲೇಮ್ ಕೊಡುವುದು, ಮೇಲೆ ಕಡ್ಡಾಯ 1,000 ಕಡಿತ. ಯಾರ ಉದ್ಧಾರಕ್ಕೆ ಈ ಪಾಲಿಸಿ? ಇಂಥ ಗಾಡಿಗೆ ಥರ್ಡ್ ಪಾರ್ಟಿ, ಮಾಲೀಕನ ಅಪಘಾತ ವಿಮೆ ಇದ್ದರೆ ಸಾಕು.

ನಮ್ಮ ಕಡೆ ಹೊಲದ ಮನೆಯಲ್ಲೋ ದನದ ಕೊಟ್ಟಿಗೆಯಲ್ಲೋ ಹೀಗೆ ನಿಂತ ಗಾಡಿಗಳು ಬೇಕಾದಷ್ಟಿವೆ. ಎತ್ತನ್ನು ಮೇವಿಲ್ಲದೆ ಯಾರೂ ಕಟ್ಟುವುದಿಲ್ಲ. ಕಾರನ್ನು ಮಾತ್ರ ಕಟ್ಟಿ ಮರೆಯುತ್ತೇವೆ. ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಓಡಿಸಲಾಗದಿದ್ದರೆ ಮಾರಿಬಿಡಿ. ಇಟ್ಟುಕೊಳ್ಳುವುದಾದರೆ ಮೊದಲು ಆರ್‌ಸಿ ತೆಗೆದು ತಾರೀಖು ನೋಡಿ. 2025ರ ಆಗಸ್ಟ್‌ನಿಂದ, 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ.